ಅತ್ತೆ ಮೆಟ್ಟಿಲು ಹತ್ತಿದ ಊರು

ಮೊಣಕಾಲಿನ ಆಪರೇಷನ್ ಆಗಿ ವರ್ಷ ಕಳೆದರೂ ನಮ್ಮತ್ತೆಗೆ ಮೆಟ್ಟಿಲು ಅಂದರೆ ಭಯ. ಡಾಕ್ಟರು ಧಾರಾಳವಾಗಿ ಹತ್ತಿ ಅಂದಿದ್ದರು. ಆದರೆ ಅಮೆರಿಕದ ಸೌತ್‌ಫೀಲ್ಡ್‌ನ ನಮ್ಮ ಮನೆಯಲ್ಲಿ ಅತ್ತೆ ಕಂಬಿ ಹಿಡಿದು, ಒಮ್ಮೆ ಮೇಲೆ ನೋಡಿ, ತಿರುಗಿ ಕೆಳಗಿನ ಕೋಣೆಗೇ ಹೋಗುತ್ತಿದ್ದರು. ಮೊಮ್ಮಗಳ ರೂಮಿಗೆ ಹೊಸ ಬಣ್ಣ ಬಳಿದದ್ದನ್ನೂ ಫೋನಿನಲ್ಲೇ ನೋಡಿದರು. ಮಹಡಿಯ ಮೇಲೆ ನಾವು ಹೇಗೆ ಬೇಕೋ ಹಾಗೆ ಇದ್ದೆವು, ಅದು ಬೇರೆ ಮಾತು. ಧಾರವಾಡದಲ್ಲಿ ಇಡೀ ಓಣಿಯನ್ನೇ ಆಳಿದ ಹೆಂಗಸು ಹೀಗೆ ಕೆಳಗೇ ಕೂತದ್ದು ನೋಡಿ ನನಗೆ ಸಂಕಟವಾಗುತ್ತಿತ್ತು.

ಅಂಥವರನ್ನು ಇಟಲಿಯ ಬೆಟ್ಟದ ಮೇಲಿನ ಹಳೇ ಊರಿಗೆ ಕರೆದೊಯ್ಯುವುದು ನನ್ನ ಗಂಡನ ಐಡಿಯಾ. ಅವರು ಹತ್ತಿರದ ಡಿಯರ್‌ಬಾರ್ನ್‌ನಲ್ಲಿ ಕಾರಿನ ಎಂಜಿನಿಯರ್. ಮನೆ ಮುಂದಿನ ಮೇಲ್‌ಬಾಕ್ಸಿಗೂ ಡ್ರೈವ್ ಮಾಡಿಕೊಂಡು ಹೋಗುವ ಮನುಷ್ಯ. “ಅವ್ವಾ, ನಿನ್ನ ಒಂದ ಹೆಜ್ಜಿನೂ ನಡಸಂಗಿಲ್ಲ” ಎಂದು ಮಾತು ಕೊಟ್ಟು, ಅಲ್ಲಿ ಬಾಡಿಗೆಗೆ ಸಿಕ್ಕ ಅತಿ ದೊಡ್ಡ ಕಾರನ್ನೇ ಹಿಡಿದರು.

ಊರೊಳಗೆ ಓಣಿ ಕಿರಿದಾಗುತ್ತಾ ಹೋಯಿತು. ಕನ್ನಡಿಗಳನ್ನು ಮಡಚಿದೆವು.

“ರಿವರ್ಸ್ ತಗೊಳ್ಳಿ ಅಂದ್ರೆ!” ಅಂದೆ.

“ಹೋಗ್ತೈತಿ, ಹೋಗ್ತೈತಿ” ಎನ್ನುತ್ತಲೇ ಇದ್ದರು. ಕೊನೆಗೆ ಎರಡು ಕಲ್ಲಿನ ಗೋಡೆಗಳ ನಡುವೆ ಕಾರು ಅಲ್ಲಾಡದೆ ನಿಂತಿತು. ಎಲ್ಲ ಕಿಟಕಿಗಳಿಂದ ತಲೆಗಳು ಹೊರಬಂದವು. ಹೂಕುಂಡ ಎತ್ತಿಡುವವರು, ಕೈಸನ್ನೆ ಮಾಡುವವರು, ಸುಮ್ಮನೆ ನಗುವವರು. ಯಾರಿಗೂ ಕೋಪವಿರಲಿಲ್ಲ, ಹಬ್ಬವೇ ಹಬ್ಬ.

ಹಿಂದಿನ ಬಾಗಿಲು ಅರ್ಧ ಮಾತ್ರ ತೆರೆಯಿತು. ಅತ್ತೆ ಅಡ್ಡಡ್ಡವಾಗಿ ಇಳಿದು ನಿಂತರು. ಮುಂದೆ ಚರ್ಚಿನ ತನಕ ಬರೀ ಮೆಟ್ಟಿಲು. ಅವರದೇ ವಯಸ್ಸಿನ ಒಬ್ಬ ಅಜ್ಜಿ ತರಕಾರಿ ಚೀಲ ಹಿಡಿದು, ಗೋಡೆಗೆ ಕೈಯಾನಿಸಿ ಹತ್ತುತ್ತಿದ್ದಳು. ಅತ್ತೆಯನ್ನು ನೋಡಿ ನಿಂತು, ತನ್ನ ಮೊಣಕಾಲು ತಟ್ಟಿ ಮುಖ ಕಿವುಚಿದಳು. ಅತ್ತೆಯೂ ತಮ್ಮ ಮೊಣಕಾಲು ತಟ್ಟಿ ತೋರಿಸಿದರು. ಆಕೆ ನಕ್ಕು, ಖಾಲಿಯಿದ್ದ ಕೈ ಚಾಚಿದಳು.

ನಾನು ಓಡಿಹೋಗಿ ಹಿಡಿಯಬೇಕು ಅನ್ನುವಷ್ಟರಲ್ಲಿ ಅತ್ತೆ ಮೊದಲ ಮೆಟ್ಟಿಲ ಮೇಲಿದ್ದರು. “ನೀವು ನಿಮ್ಮ ಗಾಡಿ ನೋಡ್ಕೋರಿ. ನಾ ಮ್ಯಾಲ ಇರ್ತೀನಿ” ಅಂದರು, ಹಿಂದೆ ತಿರುಗದೆ.

ಊರವರೆಲ್ಲ ಸೇರಿ ಕಾರನ್ನು ಹಿಂದಕ್ಕೆ ತೆಗೆಸಿದ ಮೇಲೆ ನಾವು ಏದುಸಿರು ಬಿಡುತ್ತಾ ಮೇಲೆ ಹೋದೆವು. ಚರ್ಚಿನ ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದರು. ಕೆಳಗೆ ಕೆಂಪು ಹೆಂಚುಗಳು, ಆಚೆ ಆಲಿವ್ ತೋಟಗಳು. ಅದನ್ನು ನೋಡುವ ಪುರುಸೊತ್ತು ಇಬ್ಬರಿಗೂ ಇರಲಿಲ್ಲ. ಅತ್ತೆ ತಮ್ಮ ಕೈಚೀಲದಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ತೆಗೆದಿದ್ದರು. ಖಾರಕ್ಕೆ ಆಕೆಯ ಕಣ್ಣಲ್ಲಿ ನೀರು ಬಂದಿತ್ತು, ಆದರೂ ಮತ್ತೆ ಕೈ ಚಾಚುತ್ತಿದ್ದಳು.

“ಅಜ್ಜಿ, ಯೂ ಡಿಡ್ ಇಟ್!” ಎಂದು ಮಗಳು ತಬ್ಬಿಕೊಂಡಳು.

“ಮತ್ತ? ನಿಮ್ಮಪ್ಪನ ಗಾಡಿ ನಂಬಿದ್ರ ಇನ್ನೂ ಅಲ್ಲೇ ಇರ್ತಿದ್ದೆ.”

ನನಗೆ ಖುಷಿಗೆ ಅಳುವೇ ಬಂತು.

ಸೌತ್‌ಫೀಲ್ಡ್‌ಗೆ ಮರಳಿದ ಮಾರನೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ಅತ್ತೆಯ ಕೋಣೆ ಖಾಲಿಯಿತ್ತು. ಅಷ್ಟರಲ್ಲಿ ಮಹಡಿಯಿಂದ ಓಣಿಗೆಲ್ಲ ಕೇಳುವಂಥ ದನಿ: “ಇದೇನು ಮನಿಯೋ ಸಂತಿಯೋ? ವರ್ಷಾತು, ಯಾರೂ ಕಸಾ ಹೊಡದಿಲ್ಲೇನು?”

ನಮ್ಮ ಸ್ವರಾಜ್ಯ ಮುಗಿದಿತ್ತು. ಎರಡು ಲೋಟ ಕಾಫಿ ಹಿಡಿದು, ಬೈಸಿಕೊಳ್ಳಲು ನಗುತ್ತಲೇ ಮೇಲೆ ಹೋದೆ.