ಕಥೆ ಮೇಸ್ತ್ರಿ ಕೇಳದೆ ಬಿಟ್ಟ ಪ್ರಶ್ನೆ

ಗಾಡಿ ರಿಪೇರಿ ಮಾಡುವವರು ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಗಾಡಿಯ ಕಥೆ ಕೇಳುವವನು ಮಾತ್ರ ಒಬ್ಬನೇ. ಅದಕ್ಕೇ ಅವನಿಗೆ ಕಥೆ ಮೇಸ್ತ್ರಿ ಅಂತ ಹೆಸರು ಬಿದ್ದಿದ್ದು. ಅವನ ಗ್ಯಾರೇಜಿಗೆ ಕೆಟ್ಟ ಗಾಡಿ ತಂದವರು ಮೊದಲು ಬಾಗಿಲ ಪಕ್ಕದ ಮರದ ಸ್ಟೂಲಿನ ಮೇಲೆ ಕೂರಬೇಕು, ಆದದ್ದನ್ನೆಲ್ಲ ಮೊದಲಿನಿಂದ ಹೇಳಬೇಕು. ಅಲ್ಲಿಯವರೆಗೆ ಅವನು ಬಾನೆಟ್ ಎತ್ತುವುದಿರಲಿ, ಗಾಡಿಯ ಕಡೆ ತಿರುಗಿಯೂ ನೋಡುವುದಿಲ್ಲ.

"ಎಲ್ಲಿಗೆ ಹೊರಟಿದ್ರಿ? ಏನಾಯ್ತು? ಕೊನೇಲಿ ಗಾಡಿ ಮುಟ್ಟಿದ್ದು ಯಾರು?" ಈ ಮೂರು ಪ್ರಶ್ನೆ ಅವನ ನಾಲಿಗೆ ತುದಿಯಲ್ಲೇ ಇರುತ್ತವೆ. ಅವಸರದವರು ಗೊಣಗುತ್ತಾರೆ, "ಕೆಟ್ಟಿರೋದು ಗಾಡಿ ಮಾರಾಯ, ನಾನಲ್ಲ" ಅನ್ನುತ್ತಾರೆ. "ಅದಕ್ಕೆ ಬಾಯಿಲ್ವಲ್ಲ, ಅದಕ್ಕೇ ನಿಮ್ಮನ್ನ ಕೇಳ್ತಿರೋದು" ಎಂದು ಇವನು ನಿಧಾನವಾಗಿ ಕೈ ಒರೆಸಿಕೊಳ್ಳುತ್ತಾನೆ. ಒಮ್ಮೆ ಒಬ್ಬಾತ ಮಾವನ ಮನೆಯ ಜಗಳವನ್ನೆಲ್ಲ ಹೇಳುತ್ತಾ ಹೇಳುತ್ತಾ, ಆ ಸಿಟ್ಟಿನಲ್ಲೇ ಡೀಸೆಲ್ ಗಾಡಿಗೆ ಪೆಟ್ರೋಲ್ ತುಂಬಿಸಿದ್ದನ್ನೂ ತಾನಾಗಿ ಹೇಳಿಬಿಟ್ಟಿದ್ದ. ಬಾನೆಟ್ ಎತ್ತುವ ಕೆಲಸವೇ ಬೀಳಲಿಲ್ಲ.

ಮೇಸ್ತ್ರಿಯ ಹೆಂಡತಿ ಪರದೆ ಹೊಲಿಯುವವಳು. ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಅವಳ ಮಿಷನ್ನು, ಕೆಳಗೆ ಇವನ ಸುತ್ತಿಗೆ. ದಿನವಿಡೀ ಗಂಡ ಹೆಂಡಿರ ಮಾತುಕತೆ ಮೆಟ್ಟಿಲ ಮೇಲೇ ನಡೆಯುತ್ತದೆ. ಹೊಲಿದದ್ದನ್ನು ಗಿರಾಕಿಗಳ ಮನೆಗೆ ಮುಟ್ಟಿಸಲು ಅವಳು ಇಷ್ಟು ದಿನ ಇವನನ್ನೋ ತನ್ನ ತಮ್ಮನನ್ನೋ ಗೋಗರೆಯಬೇಕಿತ್ತು. ಮೊಮ್ಮಗಳು ಹುಟ್ಟಿದ ಮೇಲೆ ಅದೇನು ತೋಚಿತೋ, ಹಟ ಹಿಡಿದು ಮನೆಯ ಹಳೇ ವ್ಯಾನ್ ಓಡಿಸಲು ಕಲಿತಳು. ಕಲಿಸಿದವನು ಇವನೇ. ಕ್ಲಚ್ಚು, ಗೇರು, ಕನ್ನಡಿ, ಕೊನೆಗೆ ಸೀಟಿನಡಿಯ ಗುಟ್ಟಿನ ಸ್ವಿಚ್ಚು. ವ್ಯಾನ್ ಒಮ್ಮೆ ಕಳ್ಳತನವಾಗಿ ಸಿಕ್ಕ ಮೇಲೆ ಮೇಸ್ತ್ರಿ ತಾನೇ ಕೂರಿಸಿದ್ದು ಅದು. ಒಮ್ಮೆ ಒತ್ತಿಟ್ಟರೆ, ಮತ್ತೆ ಒತ್ತುವವರೆಗೆ ಎಂಜಿನ್‌ಗೆ ಪೆಟ್ರೋಲ್ ಹೋಗುವುದಿಲ್ಲ. ಗಂಡ ಹೆಂಡತಿಯನ್ನು ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲ. "ಇಳಿಯೋವಾಗ ಕೈ ತಾನಾಗೇ ಅಲ್ಲಿಗೆ ಹೋಗ್ಬೇಕು ಕಣೇ, ತಲೆಗೂ ಗೊತ್ತಾಗ್ಬಾರ್ದು" ಎಂದು ಪಾಠ ಹೇಳಿದ್ದ.

ಅವತ್ತು ಅವಳು ಮೊದಲ ಸಲ ಒಬ್ಬಳೇ ಹೊರಟಳು. ವ್ಯಾನಿನ ಹಿಂಬದಿಯಲ್ಲಿ ನಾಟಕದ ಹಾಲ್‌ಗೆ ಹೊಲಿದ ದೊಡ್ಡ ಕೆಂಪು ಪರದೆ, ಸಂಜೆಯ ಆಟಕ್ಕೆ ಅದು ಅಲ್ಲಿರಬೇಕು. ರಸ್ತೆ ತಿರುವಿನಲ್ಲಿ ಒಂದು ನಾಯಿ ಅಡ್ಡ ಬಂತು. ಅದನ್ನು ಉಳಿಸಲು ಹೋಗಿ ವ್ಯಾನ್ ಲೈಟು ಕಂಬಕ್ಕೆ ಮುತ್ತಿಟ್ಟಿತು. ನಾಯಿ ಬಾಲ ಅಲ್ಲಾಡಿಸುತ್ತಾ ಹೋಯಿತು.

ಸದ್ದು ಗ್ಯಾರೇಜಿಗೆ ಕೇಳಿಸಿದಾಗ ಮೇಸ್ತ್ರಿಗೆ ಜೀವವೇ ಬಾಯಿಗೆ ಬಂತು. ಕೈಯಲ್ಲಿದ್ದ ಸ್ಪ್ಯಾನರ್ ಸಮೇತ ಓಡಿದ. ವ್ಯಾನ್ ರಸ್ತೆ ಬದಿಗೆ ನಿಂತಿತ್ತು, ಬಂಪರ್ ಬಾಗಿತ್ತು, ಒಂದು ಹೆಡ್‌ಲೈಟ್ ಒಡೆದಿತ್ತು, ಸುತ್ತ ಜನ, ಹಿಂದೆ ಹಾರನ್ನು. ಹೆಂಡತಿಯನ್ನು ಇಳಿಸಿ, ತಲೆ ಕೈಕಾಲು ಮುಟ್ಟಿ ನೋಡಿ, ಎಲ್ಲ ಸರಿಯಿದೆ ಎಂದಾದ ಮೇಲೆ ತಾನು ಸೀಟಿಗೆ ಹಾರಿ ಗೇರು ನ್ಯೂಟ್ರಲ್‌ಗೆ ತಂದು ಕೀಲಿ ಆಫ್ ಮಾಡಿ ಇಳಿದ. ಗುದ್ದಿದ ಗಾಡಿಯನ್ನು ಪೆಟ್ರೋಲ್ ಸೋರುತ್ತಿದೆಯೋ ಇಲ್ಲವೋ ನೋಡದೆ ಸ್ಟಾರ್ಟ್ ಮಾಡಬಾರದು ಎಂಬುದು ಅವನ ನಿಯಮ. ನಾಲ್ಕು ಜನ ತಳ್ಳಿದರು, ಇವನು ಕಿಟಕಿಯಿಂದ ಸ್ಟೇರಿಂಗ್ ಹಿಡಿದು ನಡೆದ.

"ಅಲ್ಲಾರೀ, ನಾನು ಹೇಳೋದು ಸ್ವಲ್ಪ..." ಎಂದು ಹೆಂಡತಿ ದಾರಿಯಲ್ಲಿ ಶುರು ಮಾಡಿದಳು.

"ಆಯ್ತು ಬಿಡೇ, ಯಾರಿಗಾದ್ರೂ ಆಗುತ್ತೆ. ನೀನು ಹೋಗಿ ನೀರು ಕುಡಿ."

ಸುದ್ದಿ ತಿಳಿದು ಅವಳ ತಮ್ಮ ತನ್ನ ಗೂಡ್ಸ್ ಗಾಡಿ ಹತ್ತಿ ಬಂದೇಬಿಟ್ಟ. ಒಳ್ಳೆಯವನೇ, ಆದರೆ ಬಾಯಿ ಸುಮ್ಮನಿರದ ಆಸಾಮಿ. "ಅಕ್ಕಾ, ಕಂಬ ಏನಾದ್ರೂ ಬೈತಾ?" ಎಂದ. ಅಕ್ಕ ಮುಖ ಊದಿಸಿಕೊಂಡು ಮೆಟ್ಟಿಲ ಮೇಲೆ ಕೂತಳು.

ಏನೂ ಸೋರುತ್ತಿರಲಿಲ್ಲ. ಬಾಮೈದುನನನ್ನು ಸೀಟಿಗೆ ಕೂರಿಸಿ ಕೀಲಿ ಕೊಟ್ಟು ಮೇಸ್ತ್ರಿ ಬಾನೆಟ್ ಎತ್ತಿದ. "ಹೊಡಿ" ಎಂದ. ಎಂಜಿನ್ ಗರಗರ ತಿರುಗಿತು, ಹತ್ತಿಕೊಳ್ಳಲಿಲ್ಲ. ಬ್ಯಾಟರಿಯ ತುದಿಗಳನ್ನು ಬಿಗಿ ಮಾಡಿದ. ಒಡೆದ ಲೈಟಿನ ಹತ್ತಿರದ ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದ. ಫ್ಯೂಸ್ ತೆಗೆದು ಬಿಸಿಲಿಗೆ ಹಿಡಿದ. ಪ್ಲಗ್ ಬಿಚ್ಚಿದ, ಕಿಡಿ ಹಾರುತ್ತಿತ್ತು. ಮತ್ತೆ "ಹೊಡಿ" ಎಂದ. ಜಪ್ಪಯ್ಯ ಅಂದರೂ ಇಲ್ಲ. ಕೊನೆಗೆ ಹಿಂದೆ ಹೋಗಿ ಟ್ಯಾಂಕಿಗೆ ಕಿವಿ ಕೊಟ್ಟ. ಕೀಲಿ ತಿರುಗಿಸಿದಾಗ ಪೆಟ್ರೋಲ್ ಎತ್ತುವ ಪಂಪು ಗುಂಯ್ ಅನ್ನಬೇಕು, ಅನ್ನಲಿಲ್ಲ.

"ಪಂಪು ಹೋಗಿದೆ. ಗುದ್ದಿದ ಏಟಿಗೆ ಸತ್ತಿದೆ. ಹೊಸದು ನಾಳೆ ಬರುತ್ತೆ" ಎಂದ ಮೇಸ್ತ್ರಿ.

"ಹಾಗಾದ್ರೆ ಪರದೆ ನನ್ನ ಗಾಡೀಗೆ ಹಾಕ್ಕೊಳ್ಳೋಣ ಭಾವ. ಅಕ್ಕ ಆರಾಮಾಗಿ ಮನೇಲಿರ್ಲಿ."

ಪರದೆ ಹೇಗೂ ಹೋಗುತ್ತಿತ್ತು, ಆಟವೂ ನಡೆಯುತ್ತಿತ್ತು. ಆದರೆ ಹೆಂಡತಿ ಎದ್ದು ನಿಂತು, "ಇನ್ಮೇಲೆ ನಾನು ಸ್ಟೇರಿಂಗ್ ಮುಟ್ಟಲ್ಲ, ನೀವಿಬ್ರೇ ಓಡಿಸ್ಕೊಳ್ಳಿ" ಎಂದಾಗ ಮೇಸ್ತ್ರಿ ಕೈಯ ಕೆಲಸ ಬಿಟ್ಟು ಅವಳ ಕಡೆ ತಿರುಗಿದ. ಅವಳು ಸಿಟ್ಟಿನಲ್ಲಿ ಕೂಗಿದ್ದರೆ ಅವನು ನಗುತ್ತಿದ್ದ. ಇದು ಮೆಲ್ಲಗೆ ಹೇಳಿದ ಮಾತು, ಮೆಲ್ಲಗೆ ಹೇಳಿದ್ದನ್ನು ಅವಳು ಮಾಡಿಯೇ ತೀರುತ್ತಾಳೆ. ಬೆಳಗ್ಗೆ ಕನ್ನಡಿ ಸರಿಮಾಡಿಕೊಂಡು ಹೊರಟಾಗಿನ ಅವಳ ಮುಖ ಅವನ ಕಣ್ಣ ಮುಂದೆ ಬಂತು. ಆ ಮುಖ ಇನ್ನು ನೋಡಲು ಸಿಗುವುದಿಲ್ಲವಲ್ಲ.

ಅವಳು ಮೆಟ್ಟಿಲು ಹತ್ತಲು ಹೋದವಳು ತಟ್ಟನೆ ತಿರುಗಿ ಬಂದು, ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು.

"ದಾರೀಲಿ ಹೋಗೋರ ಕಥೆಯೆಲ್ಲ ಕೇಳ್ತೀರಲ್ಲ, ನಾನೇನು ಪಾಪ ಮಾಡಿದ್ದೆ? ನನ್ನನ್ನೂ ಕೇಳಿ."

ಬಾಮೈದುನ ಕಿಸಕ್ಕೆಂದ. ಮೇಸ್ತ್ರಿ ನಗಲಿಲ್ಲ. ಕೈ ಒರೆಸಿಕೊಂಡು ಅವಳೆದುರು ಕುಕ್ಕರಗಾಲಲ್ಲಿ ಕೂತ. "ಎಲ್ಲಿಗೆ ಹೊರಟಿದ್ರಿ?"

"ನಾಟಕದ ಹಾಲ್‌ಗೆ."

"ಏನಾಯ್ತು?"

"ನಾಯಿ ಬಂತು, ತಪ್ಪಿಸ್ದೆ, ಕಂಬಕ್ಕೆ ತಾಗ್ತು. ಎಂಜಿನ್ ಆಫಾಯ್ತು. ನಾನು ಮತ್ತೆ ಸ್ಟಾರ್ಟ್ ಮಾಡ್ದೆ, ರಿವರ್ಸ್ ತಗೊಂಡು ಬದಿಗೆ ಹಾಕ್ದೆ. ನೀವು ಬಂದಾಗ್ಲೂ ಓಡ್ತಾನೇ ಇತ್ತು."

ಮೇಸ್ತ್ರಿ ಬಾಯಿ ಬಿಟ್ಟುಕೊಂಡು ನೋಡಿದ. ಹೌದಲ್ಲ, ವ್ಯಾನ್ ಕಂಬದ ಹತ್ತಿರ ಇರಲೇ ಇಲ್ಲ, ಬದಿಗೆ ನಿಂತಿತ್ತು. ಎಂಜಿನ್ ಓಡುತ್ತಿತ್ತೋ ಇಲ್ಲವೋ, ಅವನ ಕಿವಿಗೆ ತನ್ನ ಎದೆಯ ಸದ್ದು ಬಿಟ್ಟು ಬೇರೇನೂ ಬಿದ್ದಿರಲಿಲ್ಲ.

"ಮೂರನೇದು ಕೇಳಲ್ವಾ?" ಎಂದಳು.

"ಕೊನೇಲಿ ಗಾಡಿ..." ಎಂದವನು ಅಲ್ಲೇ ನಾಲಿಗೆ ಕಚ್ಚಿಕೊಂಡ. ಎದ್ದು ಹೋಗಿ, ಸೀಟಿನಲ್ಲಿದ್ದ ಬಾಮೈದುನನನ್ನು ಇಳಿಸಿ ತಾನು ಕೂತ. ಕೈ ತಾನಾಗಿ ಸೀಟಿನಡಿ ಹೋಯಿತು. ಟಕ್. ಕೀಲಿ ತಿರುಗಿಸಿದ. ಹಿಂದೆ ಪಂಪು ಗುಂಯ್ ಎಂದಿತು, ಎಂಜಿನ್ ಒಂದೇ ಏಟಿಗೆ ಹತ್ತಿಕೊಂಡಿತು. ಗಡಿಬಿಡಿಯಲ್ಲಿ ಇಳಿಯುವಾಗ ಸ್ವಿಚ್ಚು ಒತ್ತಿದ್ದು ಅವನದೇ ಕೈ, ತಲೆಗೆ ಗೊತ್ತಾಗದ ಹಾಗೆ ಪಳಗಿಸಿದ ಕೈ.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಪೆಚ್ಚುಮೋರೆ ಹಾಕಿಕೊಂಡು ಮೇಸ್ತ್ರಿ ಬಾಗಿದ ಬಂಪರ್ ಹಗ್ಗದಲ್ಲಿ ಕಟ್ಟಿದ, ಬ್ರೇಕು ಚಕ್ರ ಎಲ್ಲ ನೋಡಿದ. ನಾನೂ ಬರಲಾ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅವಳು ಕನ್ನಡಿ ಸರಿಮಾಡಿಕೊಂಡು, ಬೆಳಗ್ಗಿನದೇ ಮುಖ ಹೊತ್ತು ಹೊರಟಳು. ಕಂಬದ ಹತ್ತಿರ ಕೊಂಚ ನಿಧಾನ ಮಾಡಿ, ಹಾರನ್ ಹೊಡೆದು ಮುಂದೆ ಹೋದಳು.

ಮೇಸ್ತ್ರಿ ಹೋಗಿ ಸ್ಟೂಲಿನ ಮೇಲೆ ಕುಸಿದ. ಬಾಮೈದುನ ಅವನೆದುರು ಬಂದು ನಿಂತು, ಕೈ ಒರೆಸಿಕೊಳ್ಳುವ ನಟನೆ ಮಾಡಿದ. "ಹೇಳಿ ಭಾವ. ಏನಾಯ್ತು, ಮೊದಲಿಂದ ಹೇಳಿ."

"ಏನಾಗೋದೋ. ಗಾಡೀನ ಕೇಳ್ತಾ ಕೂತೆ, ಅವಳನ್ನ ಕೇಳ್ಲಿಲ್ಲ" ಎಂದ ಮೇಸ್ತ್ರಿ.

ಸಂಜೆಯಾಗುವ ಮೊದಲೇ ಫೋನು ಬಂತು. "ಬಂದು ಮುಟ್ಟಿದೀನಿ. ಪರದೆ ಕಟ್ತಾ ಇದಾರೆ" ಎಂದಳು ಹೆಂಡತಿ. ಆಮೇಲೆ, "ಇಳಿಯೋವಾಗ ಸ್ವಿಚ್ಚು ಒತ್ತಿದೀನಿ ಕಣ್ರೀ. ನನಗೆ ಗೊತ್ತಿದ್ದೇ ಒತ್ತಿದೀನಿ" ಎಂದಳು.