ಹೋಗ್ರಿ ಅನ್ನದ ಅಜ್ಜಿ

ಭಾನುವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಬುಕ್ಕಸಾಗರದ ಮಕ್ಕಳು ಹೊಳೆ ಕಡೆಗೆ ಓಡಿ ಬರತೊಡಗಿದರು. ಹನ್ನೊಂದರೊಳಗೆ ಕಂಪ್ಲಿ ಮುಟ್ಟಬೇಕಿತ್ತು, ಅದಕ್ಕೇ ಆಗತಾನೆ ಫೋನಿನಲ್ಲಿ ಹೊತ್ತು ನೋಡಿದ್ದೆ. ನಾವು ಅಲ್ಲಿಗೆ ಹೋಗಿದ್ದು ಜನರನ್ನು ಹೊಳೆಯಿಂದ ದೂರ ಕಳಿಸಲು. ಡ್ಯಾಮಿನ ಗೇಟು ತೆಗೆದಿದ್ದರು, ನೀರು ಬರುವುದಿತ್ತು. ಆಟೋದ ಮೇಲಿನ ಮೈಕು ಅದನ್ನೇ ಹೇಳುತ್ತಿತ್ತು. ಅದನ್ನು ಕೇಳಿಯೇ ಮಕ್ಕಳು ನಗುತ್ತ ಓಡಿ ಬರುತ್ತಿದ್ದರು.

ಮೈಕಿನಲ್ಲಿ ಇದ್ದದ್ದು ಮೊದಲೇ ರೆಕಾರ್ಡ್ ಮಾಡಿದ್ದ ಅಜ್ಜಿಯ ದನಿ. ಅಜ್ಜಿ ಅಂದರೆ ಐವತ್ತು ದಾಟಿದ, ದಪ್ಪ ಮೀಸೆಯ ಒಬ್ಬ ಗಂಡಸು. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಮನೆ. ಹುಡುಗನಾಗಿದ್ದಾಗ ಕಂಪ್ಲಿಯಲ್ಲಿ ಬೀಡುಬಿಟ್ಟಿದ್ದ ಒಂದು ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದರಂತೆ. ಒಂದು ದಿನ ಹಾಸ್ಯದ ಮುದುಕಿಯ ಪಾತ್ರಧಾರಿ ಕೈಕೊಟ್ಟ. ಎಲ್ಲ ಮಾತೂ ಬಾಯಿಪಾಠ ಬರುತ್ತಿದ್ದುದು ಈ ಹುಡುಗನಿಗೆ ಮಾತ್ರ. ಸೀರೆ ಸುತ್ತಿ ದೂಡಿದರು. ಆವತ್ತಿನಿಂದ ಅವರು ಅಜ್ಜಿ.

ಕಂಪನಿ ಮುಚ್ಚಿತು, ಅಜ್ಜಿ ಉಳಿದಳು. ಸೀರೆ ಅಂಗಡಿ, ಟ್ರ್ಯಾಕ್ಟರ್ ಷೋರೂಮು, ಕಮಲಾಪುರದ ಸಂತೆ, ಸಂಡೂರಿನ ಹೋಟೆಲು, ಊರೂರಿನ ನಾಟಕ, ಎಲ್ಲದರ ಪ್ರಚಾರದ ಆಟೋದಲ್ಲೂ ಅವಳೇ. ಸ್ವಲ್ಪ ಕಾಲ ಮಕ್ಕಳ ಕಾರ್ಟೂನುಗಳಿಗೆ ಅಳಿಲು, ಕತ್ತೆ, ಸಿಡುಕಿನ ಪೊಲೀಸನ ದನಿ ಕೊಟ್ಟು ಬಂದರು. ಅದಿರಿನ ಲಾರಿಯವರು ಅಜ್ಜಿಯ ಕೆಮ್ಮನ್ನು ರಿಂಗ್‌ಟೋನ್ ಮಾಡಿಕೊಂಡಿದ್ದರು. ಚಹಾದಂಗಡಿಯಲ್ಲೂ ಅವರು ಅಜ್ಜಿಯಾಗಿಯೇ ಚಹಾ ಕೇಳುತ್ತಿದ್ದರು. "ಸಕ್ರಿ ಕಮ್ಮಿ ಹಾಕ್ಲೇ ಮೂಳ, ನನಗೇನ್ ಮದುವಿ ಮಾಡ್ಕೋಬೇಕಾಗೇತೇನು ಸಿಹಿ ತಿನ್ನಾಕ?" ಜನ ಅದನ್ನು ಹುಡುಗಾಟ ಅಂದುಕೊಂಡಿದ್ದರು.

ಅದು ಹುಡುಗಾಟವಲ್ಲ ಎಂದು ಗೊತ್ತಿದ್ದುದು ಅವರ ಹೆಂಡತಿಗೆ ಮತ್ತು ನನಗೆ. ನಾನು ಕನ್ನಡ ಎಂ.ಎ. ಮುಗಿಸಿ ಹೊಸಪೇಟೆಯ ಒಂದು ಸಣ್ಣ ರೆಕಾರ್ಡಿಂಗ್ ಕೋಣೆಯಲ್ಲಿ ಜಾಹೀರಾತು ಬರೆಯುವ, ದನಿ ಕತ್ತರಿಸಿ ಜೋಡಿಸುವ ಕೆಲಸಕ್ಕಿದ್ದೆ. ಒಮ್ಮೆ ಗೊಬ್ಬರದಂಗಡಿಯವರು ಸಾದಾ ಗಂಡಸಿನ ದನಿ ಬೇಕೆಂದರು. ಅಜ್ಜಿಯ ವೇಷ ಬಿಟ್ಟು ಇವರು ಮೈಕಿನ ಮುಂದೆ ಕೂತರು, ಮೊದಲ ಅಕ್ಷರವೇ ಗಂಟಲಿನಿಂದ ಹೊರಡಲಿಲ್ಲ. ಅಜ್ಜಿಯಾಗಿ, ಕತ್ತೆಯಾಗಿ ನೀರು ಕುಡಿದಷ್ಟು ಸಲೀಸಾಗಿ ಮಾತಾಡುವ ಮನುಷ್ಯ ತನ್ನ ದನಿಯಲ್ಲಿ ತೊದಲುತ್ತಿದ್ದರು. ನಾನು ಅಕ್ಷರ ಅಕ್ಷರ ಕತ್ತರಿಸಿ, ಜೋಡಿಸಿ ಕೊಟ್ಟೆ. ಅವರು ಅಜ್ಜಿಯ ದನಿಗೆ ಮರಳಿ, "ಇದು ನಿನ್ನ ಮಷೀನಿನಾಗ ಇರ್ಲಿ ಯವ್ವಾ, ಹೊರಗ ಬ್ಯಾಡ" ಅಂದರು. ನಾನು ಆಣೆ ಮಾಡಲಿಲ್ಲ, ತಲೆ ಆಡಿಸಿದೆ. ಅಷ್ಟೇ ಸಾಕಾಗಿತ್ತು.

ಹೊಳೆಯ ಎಚ್ಚರಿಕೆ ಹೇಳಲು ಆಟೋ ಬಿಡಬೇಕೆಂದು ತಾಲೂಕು ಕಚೇರಿಯವರು ಬಂದಾಗ, ಅಜ್ಜಿಯಲ್ಲೇ ಹೇಳಿಸೋಣ ಎಂದವಳು ನಾನು. ಸರ್ಕಾರಿ ದನಿಗೆ ಯಾರೂ ಕಿವಿಗೊಡುವುದಿಲ್ಲ, ಅಜ್ಜಿ ಅಂದರೆ ನಿಂತು ಕೇಳುತ್ತಾರೆ ಎಂದು ವಾದಿಸಿದೆ. ಅಜ್ಜಿಯ ದನಿ ಕೊಡುವ ಅವರಿಗೂ ಹಿಗ್ಗು. "ಹೊಳಿ ಇವತ್ತ ನನ್ನ ಸ್ವಾಂಟದ ಮ್ಯಾಲ ಬರ್ತೈತಿ, ನನ್ನ ಸ್ವಾಂಟ ಎಷ್ಟೈತಿ ನಿಮಗ ಗೊತ್ತಲ್ಲ" ಎಂದು ತಾವೇ ಸೇರಿಸಿದರು. ನಾನು ಬರೆದದ್ದು "ದಂಡಿ ಬಿಟ್ಟು ಹೋಗ್ರಿ" ಎಂದಿತ್ತು. ಓದುವಾಗ ಅವರು ನಿಂತರು. ನಮ್ಮ ಕಡೆ ಮನೆಯಿಂದ ಹೊರಟವರಿಗೂ ಹೋಗು ಅನ್ನುವುದಿಲ್ಲ, ಹೋಗಿ ಬಾ ಅನ್ನುತ್ತೇವೆ. ಬರೀ ಹೋಗು ಅಂದರೆ ಅಪಶಕುನ. ಅದರಲ್ಲೂ ಹೊಳೆದಂಡೆಯಲ್ಲಿ. "ಅಜ್ಜಿ ಬಾಯಾಗ ಹೋಗ್ರಿ ಬರಂಗಿಲ್ಲವಾ. ದಂಡಿ ಬಿಟ್ಟು ಬರ್ರಿ, ಜಲ್ದಿ ಬರ್ರಿ. ಹಿಂಗಂದ್ರ ಚಂದ." ನನಗೂ ಚಂದ ಅನಿಸಿತು. ಅಜ್ಜಿಯ ಪ್ರತಿ ಜಾಹೀರಾತೂ ಮುಗಿಯುವುದು "ಬರ್ರಿ, ಬರ್ರಿ" ಎಂದೇ. ಅದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಹೀಗಾಗಿ ಆ ಭಾನುವಾರ ಬಂಡೆಗಳ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ಬೀಸಿ ಕರೆದರು.

"ಏನಜ್ಜಿ, ಈ ಸಲ ನಾಟಕ ಎಲ್ಲೈತಿ, ಕಂಪ್ಲ್ಯಾಗೋ ಸಂಡೂರಾಗೋ?"

"ಅಕಿ ಸ್ವಾಂಟ ಹಿಡಿಸೋ ಅಂಥ ಸ್ಟೇಜ್ ಎಲ್ಲೂ ಇಲ್ಲ ಬಿಡವಾ."

ಮಕ್ಕಳು ಇಳಿಜಾರಿನಲ್ಲಿ ಓಡಿ ಬಂದು ಆಟೋ ಸುತ್ತುಗಟ್ಟಿ ಬಣ್ಣದ ಚೀಟಿ ಕೇಳಿದರು. ನಾಟಕದ ಪ್ರಚಾರಕ್ಕೆ ಬಂದಾಗ ಹಂಚುತ್ತಿದ್ದೆವಲ್ಲ, ಅದು. ದಾರಿ ಮುಗಿಯುವುದೇ ನೀರಿನ ಅಂಚಿಗೆ. ಒಗೆಯುವವರಿಗೆ ಕೇಳಲಿ ಎಂದು ಅಲ್ಲಿಯವರೆಗೂ ಇಳಿಸಿದ್ದೆವು. ಡ್ರೈವರ್ ಹಿಂದೆ ತಿರುಗಿ, "ಮೇಡಂ, ಆಫ್ ಮಾಡ್ಲ್ಯಾ? ಬರ್ರಿ ಅಂದಂಗೆಲ್ಲ ಮಂದಿ ಬರಾಕತ್ತಾರ" ಅಂದ.

ಆಫ್ ಮಾಡಿದೆವು. ಮೈಕು ನಿಂತ ಮೇಲೆ ಹೊಳೆಯ ಸದ್ದು ಕೇಳಿಸಿತು. ನಮ್ಮಲ್ಲಿ ಹನಿ ಮಳೆಯಿಲ್ಲ, ನೆತ್ತಿ ಸುಡುವ ಬಿಸಿಲು. ಮಳೆ ಬಿದ್ದದ್ದು ಎಲ್ಲೋ ಮೇಲೆ. ತಿಳಿಯಾಗಿದ್ದ ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ನೊರೆ, ಕಡ್ಡಿ ಕಸ ತೇಲಿ ಬರುತ್ತಿದ್ದವು. ದಂಡೆಗೂ ಬಂಡೆಗಳಿಗೂ ನಡುವೆ ಪಾದ ಮುಳುಗುವಷ್ಟಿದ್ದ ನೀರು ಮೊಣಕಾಲಿಗೆ ಬಂದಿತ್ತು. ಆ ಹೆಂಗಸರು ನಮ್ಮ ಕಡೆ ಮುಖ ಮಾಡಿ ನಗುತ್ತಿದ್ದರು, ಹೊಳೆಗೆ ಬೆನ್ನು.

ಆಟೋದಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿಯ ಪಾತ್ರಧಾರಿ ಇಳಿದು ನೀರಿಗೆ ಕಾಲಿಟ್ಟರು. ಅಜ್ಜಿಯ ದನಿಯಲ್ಲಿ ಕೂಗಿದರೆ ಉಪಯೋಗವಿಲ್ಲ ಎಂದು ಅವರಿಗೆ ಅರ್ಥವಾಗಿತ್ತು. ತಮ್ಮ ದನಿಯಲ್ಲಿ ಕೂಗಿದರು. "ನೀ... ನೀ... ನೀ... ಹೋ... ಹೋ..." ಕುತ್ತಿಗೆಯ ನರ ಉಬ್ಬಿತು, ತಲೆ ಹಿಂದಕ್ಕೆ ಜಗ್ಗಿತು, ಶಬ್ದ ಪೂರ್ತಿಯಾಗಲಿಲ್ಲ. ಬಂಡೆಯ ಮೇಲೆ ಒಬ್ಬಳು ನಕ್ಕು ನಕ್ಕು ಕುಂತೇಬಿಟ್ಟಳು. "ಅಜ್ಜಿ ಹೊಸಾ ಐಟಂ ತಂದೈತಿ ನೋಡ್ರೇ, ಮಸ್ತ್ ಐತಿ." ಮಕ್ಕಳು ಹೋ, ಹೋ, ಹೋ ಎಂದು ಅಣಕಿಸಿದರು. ಯಾರೋ ಫೋನು ಹಿಡಿದರು.

ಆಟೋದ ಕೈಮೈಕು ನನ್ನ ಕೈಯಲ್ಲಿತ್ತು. ಅದು ನಟನೆಯಲ್ಲ ಎಂದು ಆ ದಂಡೆಯಲ್ಲಿ ಬಲ್ಲವಳು ನಾನೊಬ್ಬಳೇ. ಹೇಳಬೇಕಾದ್ದು ಒಂದೇ ವಾಕ್ಯ. ನಾನು ಹೇಳಲಿಲ್ಲ. ಆಮೇಲೆ ಎಲ್ಲರ ಮುಂದೆ, ಅವರಿಗೆ ಮಾತು ಕೊಟ್ಟಿದ್ದೆನಲ್ಲ, ಅದಕ್ಕೇ ತಡೆದೆ ಎಂದು ಹೇಳುತ್ತ ಬಂದೆ. ಖರೇ ಸಂಗತಿ ಬೇರೆ. ನನ್ನ ದನಿ ಅಷ್ಟು ದೊಡ್ಡದಾಗಿ ಬಯಲಲ್ಲಿ ಕೇಳಿಸುವುದು, ಆ ನಗು ನನ್ನ ಕಡೆ ತಿರುಗುವುದು, ಅದೇ ನನಗೆ ನಾಚಿಕೆಯಾಗಿತ್ತು. ನೀರು ಅವರ ತೊಡೆ ಮುಟ್ಟುವವರೆಗೂ ಮೈಕು ಹಿಡಿದು ಸುಮ್ಮನೆ ಕೂತಿದ್ದೆ.

ಡ್ರೈವರ್ ನನ್ನ ಭುಜಕ್ಕೆ ಹೊಡೆದ. ಆಗ ಹೇಳಿದೆ. "ಇದು ನಾಟಕ ಅಲ್ಲ. ಇವರಿಗೆ ಖರೇನೇ ತೊದಲು ಐತಿ. ಹುಟ್ಟಾ ಐತಿ. ಎದ್ದು ಹೋಗ್ರಿ."

ನಗು ಒಂದೇ ಸಲಕ್ಕೆ ನಿಂತಿತು. ಮುಂದಿದ್ದ ಮುದುಕಿ ಹೊಳೆ ಕಡೆ ತಿರುಗಿ ನೋಡಿ ಸೀರೆ ಎತ್ತಿ ಕಟ್ಟಿದಳು. ಒಬ್ಬರ ಕೈ ಒಬ್ಬರು ಹಿಡಿದು ಬಂದರು. ನಕ್ಕು ಕುಂತಿದ್ದವಳು ಬಟ್ಟೆಯ ಗಂಟು ಬಿಡಲೊಲ್ಲದೆ ಹಿಂದೆ ಉಳಿದಳು. ಕಾಲು ಜಾರಿತು. ತೊದಲುತ್ತಲೇ ನಿಂತಿದ್ದ ಅವರು ಅವಳ ಜಡೆಗೆ ಕೈ ಹಾಕಿದರು, ಡ್ರೈವರ್ ಅವರ ಅಂಗಿ ಹಿಡಿದ. ನಾನು ಮಕ್ಕಳನ್ನು ಮೇಲಕ್ಕೆ ಅಟ್ಟುತ್ತ ಹೋಗ್ರಿ, ಹೋಗ್ರಿ ಎಂದು ಕಿರುಚುತ್ತಿದ್ದೆ. ಗಂಟು ಹೋಯಿತು, ಅವಳು ಉಳಿದಳು. ಕೆಸರಿನಲ್ಲಿ ಮಂಡಿಯೂರಿ ವಾಂತಿ ಮಾಡಿಕೊಂಡಳು. ನಾವು ತಿರುಗಿ ನೋಡುವಾಗ ಬಂಡೆಗಳಿರಲಿಲ್ಲ.

ಯಾರೂ ಸಾಯಲಿಲ್ಲವಾದ್ದರಿಂದ ಅದು ತಮಾಷೆಯ ವಿಷಯವಾಯಿತು. ಆ ವಿಡಿಯೋ ಕಮಲಾಪುರ ದಾಟಿ, ಹಂಪಿಯ ಗೈಡುಗಳ ಫೋನಿಗೆ ಹೋಗಿ, ಸಂಡೂರು ಮುಟ್ಟಿತು. ನಾನು ಹೇಳಿದ ವಾಕ್ಯಕ್ಕೆ ಮೊದಲೇ ಕತ್ತರಿಸಿದ್ದರು. ಉಳಿದದ್ದು ಹೋ, ಹೋ, ಹೋ. ಅಜ್ಜಿಯ ಕೆಮ್ಮು ಇದ್ದ ಜಾಗದಲ್ಲಿ ಅದು ರಿಂಗ್‌ಟೋನ್ ಆಯಿತು. ಬೇರೆಯವರ ದನಿ ಕತ್ತರಿಸುವ ಕೆಲಸ ನನ್ನದೇ. ಎಲ್ಲಿ ಕತ್ತರಿಸಿದರೆ ನಗು ಬರುತ್ತದೆ ಎಂದು ನನಗೂ ಗೊತ್ತು.

ಅವರು ರೆಕಾರ್ಡಿಂಗಿಗೆ ಬರುವುದು ಬಿಟ್ಟರು. ಚಿತ್ತವಾಡ್ಗಿಗೆ ಹೋದೆ. ಹೆಂಡತಿ ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಒಳಗಿನಿಂದ ಅಜ್ಜಿ ಕೂಗಿದಳು. "ಅಂವ ಮನ್ಯಾಗಿಲ್ಲ ತಂಗಿ. ಬಂದ್ರ ಹೇಳ್ತೀನಿ." ಕೆಮ್ಮೂ ಸೇರಿಸಿದಳು. ನಾನು ಆಯಿತಜ್ಜಿ ಎಂದು ತಿರುಗಿ ಬಂದೆ.

ಆಮೇಲೆ ಎಷ್ಟೋ ವಾರ ನಡುರಾತ್ರಿ ಎಚ್ಚರವಾಗುತ್ತಿತ್ತು. ಕನಸಿನಲ್ಲಿ ನೀರು ಬರುತ್ತಿರಲಿಲ್ಲ, ಮೈಕು ಬರುತ್ತಿತ್ತು. ಅದರ ಗುಂಡಿ ಒತ್ತುತ್ತೇನೆ, ಬಾಯಿ ತೆರೆಯುವುದಿಲ್ಲ. ಕೆಲವು ಸಲ ಆ ಹೆಂಗಸಿನ ಜಡೆ ಕೈಗೆ ಸಿಗುವುದಿಲ್ಲ.

ದಸರೆಯ ನಂತರ ಒಂದು ಮಧ್ಯಾಹ್ನ ಸಂಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಅಲ್ಲಿಯದೇ ಒಂದು ರೆಕಾರ್ಡಿಂಗ್ ಕೋಣೆಯಲ್ಲಿ ಅವರು ದನಿ ಕೊಡುತ್ತಿದ್ದಾರೆಂದು ಕೇಳಿದ್ದೆ. ನಾನು ದಾಟಿ ಹೋಗಲು ನೋಡಿದೆ, ಅವರೇ ಬಂದು ಕಲ್ಲುಬೆಂಚಿನ ಮೇಲೆ ಕೂತರು. ನಾನು ಸಿದ್ಧ ಮಾಡಿಟ್ಟುಕೊಂಡಿದ್ದ ಮಾತು ಶುರುಮಾಡಿದೆ, ನಿಮ್ಮ ಗುಟ್ಟು ನಾನು ಹಂಗ ಎಲ್ಲರ ಮುಂದ ಹೇಳಬಾರದಿತ್ತು ಎಂದು.

ಅವರು ಕೈ ಎತ್ತಿ ತಡೆದರು. ಅಜ್ಜಿಯನ್ನು ಕರೆಯಲಿಲ್ಲ. ತಮ್ಮ ದನಿಯಲ್ಲೇ ಮಾತಾಡಿದರು. ಒಂದೊಂದು ಶಬ್ದಕ್ಕೂ ಹೊತ್ತು ಹಿಡಿಯಿತು, ಎರಡು ಬಸ್ಸು ಬಂದು ಹೋದವು. ಅವರು ಹೇಳಿದ್ದು ಇಷ್ಟು: "ಹೇಳಿದ್ದಕ್ಕ ಸಿಟ್ಟಲ್ಲ. ತಡಾ ಮಾಡಿ ಹೇಳಿದಿ. ನಾನು ನಿನ್ನ ಕಡೆ ಎರಡು ಸಲ ತಿರುಗಿ ನೋಡಿದೆ."

ನಾನು ಹೌದ್ರಿ ಅಂದೆ. ಯಾಕೆ ಅಂತ ಅವರು ಕೇಳಿದರು. ನಾಚಿಕಿ ಬಂತ್ರಿ ಅಂದೆ. ಮಾತು ಕೊಟ್ಟದ್ದರ ಸುದ್ದಿ ಎತ್ತಲಿಲ್ಲ. ಅವರು, "ನ... ನನಗೂ ಬಂದಿತ್ತು" ಎಂದರು. ಕ್ಷಮಿಸಿದೆ ಅನ್ನಲಿಲ್ಲ. ಮತ್ತೆ ನಮ್ಮ ಕೋಣೆಗೆ ಬರುತ್ತೇನೆ ಎಂದೂ ಅನ್ನಲಿಲ್ಲ. ಅವರ ಬಸ್ಸು ಬಂತು, ಹತ್ತಿದರು.

ಮನೆಗೆ ಬಂದು ಉಂಡು ಮಲಗಿದೆ, ನಡುರಾತ್ರಿ ಎಚ್ಚರವಾಗಲಿಲ್ಲ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು, ಹಾಲಿನವನು ಬಾಗಿಲು ಬಡಿದು ಬಡಿದು ಪಾಕೀಟು ಹೊರಗೇ ಇಟ್ಟು ಹೋಗಿದ್ದ.