ಮಾವನವರು ಹಿಂದಿನ ಸೀಟಲ್ಲಿ ಕೂತ ಭಾನುವಾರ

ಅವರೆಕಾಳು ಹಿದುಕುತ್ತಾ ಕೂತಿದ್ದೆ. ಫೋನು ಹೊಡೆದುಕೊಂಡಿತು. ಕೈಯೆಲ್ಲಾ ಒದ್ದೆ, ಮೂಗಿನ ತುದಿಯಿಂದಲೇ ಒತ್ತಿದೆ. ಮಗಳು ಚೈತ್ರ.

"ಅಮ್ಮಾ, ತಾತ ಹಿಂದೆ ಕೂತ್ಕೊಂಡ್ರು! ಬಸವನಗುಡೀಲಿ ಇದೀವಿ!"

ಇಬ್ಬರೂ ನಮ್ಮ ವೈಯಾಲಿಕಾವಲ್ ಬೀದಿ ತುದಿಯಲ್ಲೇ ಸ್ಕೂಟರ್ ಪಾಠ ನಡೆಸಿದ್ದಾರೆ ಅಂದುಕೊಂಡಿದ್ದ ನಾನು ಅವರೆಕಾಳಿನ ಪಾತ್ರೆ ಪಕ್ಕಕ್ಕೆ ತಳ್ಳಿದೆ. ಇದೂ ಒಂದು ಸುದ್ದಿಯೇ ಅಂತ ನೀವು ನಗಬಹುದು. ನಮ್ಮ ಮಾವನವರನ್ನು ನೀವು ನೋಡಿಲ್ಲ, ಅದಕ್ಕೆ.

ನಾನು ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಆರು ಜನ, ಸ್ಕೂಟರ್ ಒಂದೇ. ಹಾಗಂತ ಭಾನುವಾರದ ತಿರುಗಾಟ ನಿಲ್ಲುತ್ತಿರಲಿಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ದರ್ಶನ, ಆಮೇಲೆ ಪಕ್ಕದ ಬಂಡೆಯ ಮೇಲೆ ಬುತ್ತಿ ಬಿಚ್ಚುವುದು. ಮಾವ ಎಲ್ಲರನ್ನೂ ಟ್ರಿಪ್ಪಿನ ಮೇಲೆ ಸಾಗಿಸುತ್ತಿದ್ದರು. ಮೊದಲ ಟ್ರಿಪ್ ಹಿರಿಯರಿಗೆ, ಅಂದರೆ ಅತ್ತೆಗೆ. ಚಾಪೆ ಹಾಸಿ ಒಳ್ಳೆ ನೆರಳು ಹಿಡಿಯುವ ಕೆಲಸ ಅವರದು. ಹೊಸ ಸೊಸೆ ಕೊನೇ ಟ್ರಿಪ್ಪಿಗೆ. ನಾನು ತಲುಪುವ ಹೊತ್ತಿಗೆ ವಡೆಯೆಲ್ಲಾ ಮುಗಿದು ಡಬ್ಬಿಯಲ್ಲಿ ಬರೀ ವಾಸನೆ ಇರುತ್ತಿತ್ತು.

"ಬಸ್ಸಿದೆಯಲ್ಲ ಮಾವ?" ಅಂತ ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ.

"ಮನೇಲಿ ಗಾಡಿ ಇಟ್ಕೊಂಡು ಬಸ್ಸಾ?" ಅಂದರು. ಅಲ್ಲಿಗೆ ಮುಗಿಯಿತು.

ಹೋದ ವರ್ಷ ಕಣ್ಣಿನ ಡಾಕ್ಟರು, ಇನ್ನು ಗಾಡಿ ಮುಟ್ಟಬೇಡಿ ಅಂದುಬಿಟ್ಟರು. ಮಾವ ಮನೆಗೆ ಬಂದವರೇ ಕೀಯನ್ನು ದೇವರ ಮುಂದಿಟ್ಟು, "ಇನ್ಮೇಲೆ ಆ ದೇವರೇ ಓಡಿಸ್ಕೊಳ್ಳಲಿ" ಅಂದರು. ಆಮೇಲೆ ಹೊರಗೆ ಹೊರಡುವುದನ್ನೇ ಬಿಟ್ಟರು. ಭಾನುವಾರವೂ ಅದೇ ಕುರ್ಚಿ, ಅದೇ ಪೇಪರು. ನಮ್ಮ ಯಜಮಾನರು ಮೆಟ್ರೋ ಹತ್ತುವ ಜನ. ಕೊನೆಗೆ ಕೀ ಕೇಳಿದವಳು ಚೈತ್ರ.

ಕೊಟ್ಟರು. ಕಲಿಸಿದರು ಕೂಡ. "ಮೊದಲು ಗಾಡೀನ ಒಂದ್ಸಲ ಪಕ್ಕಕ್ಕೆ ಓರೆ ಮಾಡು, ಆಮೇಲೆ ಕಿಕ್ಕರ್ ಒದಿ. ಕೋಪದಲ್ಲಿ ಒದೀಬೇಡ ಕಣೇ, ಅದಕ್ಕೂ ಗೊತ್ತಾಗುತ್ತೆ." ಆದರೆ ಹಿಂದೆ ಕೂರಿ ಅಂದರೆ ಮಾತ್ರ, "ನನ್ನ ಗಾಡೀಲಿ ನನಗೇ ಹಿಂದಿನ ಸೀಟಾ?"

ದಿನಾ ದೀಪ ಹಚ್ಚುವಾಗ ನಾನು ದೊಡ್ಡದೇನೂ ಕೇಳುತ್ತಿರಲಿಲ್ಲ. ವಯಸ್ಸಾದ ಕಣ್ಣು, ಅದು ಹಾಗೇ ಇರಲಿ. ಇವರನ್ನು ಒಂದು ಸಲ ಹಿಂದೆ ಕೂರಿಸಪ್ಪಾ, ಅಷ್ಟೇ ಸಾಕು ಅನ್ನುತ್ತಿದ್ದೆ. ದೇವರಿಗೂ ಇಂಥ ಅರ್ಜಿ ಅಪರೂಪವೇ ಇರಬೇಕು.

"ಹೇಗೇ ಒಪ್ಪಿಸಿದೆ?" ಅಂತ ಫೋನಿನಲ್ಲಿ ಚೈತ್ರಳನ್ನು ಕೇಳಿದೆ.

"ಮೊದಲ ಟ್ರಿಪ್ ಹಿರಿಯರಿಗೆ ಅಂತ ಅವರದ್ದೇ ರೂಲ್ಸ್ ಅಲ್ವಾ? ಈಗ ಹಿರಿಯರು ನೀವೇ, ಹೋಗಿ ನೆರಳು ಹಿಡೀರಿ ತಾತ ಅಂದೆ. ಸುಮ್ನೆ ಹೆಲ್ಮೆಟ್ ಹಾಕ್ಕೊಂಡ್ರು. ದಾರಿಯುದ್ದಕ್ಕೂ ಹಿಂದೆ ಕೂತೇ ಇಲ್ಲದ ಬ್ರೇಕು ಒತ್ತಿ ಒತ್ತಿ ಅವರ ಕಾಲೇ ನೋಯ್ತಿದೆಯಂತೆ!"

ಮಾವ ಫೋನು ಕಿತ್ತುಕೊಂಡರು. "ನೋಡಮ್ಮಾ, ನಿನ್ ಮಗಳಿಗೆ ಹಂಪು ಕಾಣಲ್ಲ. ನನಗೇ ಕಾಣ್ತು! ಒಳ್ಳೆ ನೆರಳು ಸಿಕ್ಕಿದೆ. ನಿನ್ನ ಕರ್ಕೊಂಡ್ ಬರೋಕೆ ಅವಳನ್ನ ಕಳಿಸ್ತಿದೀನಿ, ಬರ್ತಾ ಏನಾದ್ರೂ ತಗೊಂಡ್ ಬಾ. ಹಸಿವು."

ಹಸಿವು ಅಂತ ಅವರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು! ಕಣ್ಣೊರೆಸಿಕೊಂಡು ಎದ್ದೆ. ಚಿತ್ರಾನ್ನಕ್ಕೆ ಅಕ್ಕಿ ತೊಳೆಯಬೇಕಿತ್ತು.